ಬೈಗುಳ ಬೇಡಿದ ತೊಂಡೆಬಳ್ಳಿ

ಇತ್ತೀಚೆಗೆ ನಾನು ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿಯುತ್ತೇನೆ. ನನಗೆ ಪಾಠ ಹೇಳಿದ ಸಿಸ್ಟರ್‌ಗಳು ನೋಡಿದರೆ ಏನೆನ್ನುತ್ತಿದ್ದರೋ! ಬಾಳೆಹಣ್ಣನ್ನೂ ತಟ್ಟೆಯಲ್ಲಿಟ್ಟು, ಚಮಚೆಯಿಂದ ತುಂಡು ಮಾಡಿ ತಿನ್ನಬೇಕೆಂದು ಕಲಿಸಿದ ಕಾನ್ವೆಂಟು ನಮ್ಮದು. ಅಲ್ಲಿ ಓದಿದ ಹೆಂಗಸು ಈಗ ದಾಂಡೇಲಿಯ ಪೇಪರ್ ಮಿಲ್ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಿಂತು, ಪ್ಯಾಕೆಟ್ಟಿನ ಮೂಲೆಯನ್ನು ಕೋರೆಹಲ್ಲಿಗೆ ಸಿಕ್ಕಿಸಿಕೊಂಡು ಜಗ್ಗುತ್ತಾಳೆ. ಒಮ್ಮೊಮ್ಮೆ ಹಾಲು ಗದ್ದಕ್ಕೆ ಚಿಮ್ಮುತ್ತದೆ.

"ಸಂತ್ಯಾಗ ಕತ್ತರಿ ಸಿಗೂದಿಲ್ಲೇನ?" ಎಂದು ನಮ್ಮ ಮನೆಯವರು ದಿನಾ ಕೇಳುತ್ತಾರೆ. "ಇದ್ದದ್ದನ್ನ ಎಲ್ಲಿ ಕಳದಿ?"

ಕಳೆದಿಲ್ಲ. ಹಸಿರು ಹಿಡಿಯ ಆ ಕತ್ತರಿ ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದು ಮುಂಡಗೋಡದ ಕಡೆ ಪಾಳಾ ಎಂಬ ಊರಿನಲ್ಲಿದೆ. ವಾಪಸು ಬರುವ ಲಕ್ಷಣವಿಲ್ಲ. ಅದು ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಬೇಕಾದರೆ ನಮ್ಮ ಹಿತ್ತಲಿನ ಕಥೆ ಹೇಳಬೇಕು.

ಹಿತ್ತಲು ಎಂದರೆ ನೀವು ದೊಡ್ಡದೇನನ್ನೋ ಎಣಿಸಿಕೊಳ್ಳಬೇಡಿ. ಎರಡು ಸೀರೆ ಹರವಿದರೆ ಮುಚ್ಚಿಹೋಗುವಷ್ಟು ಜಾಗ. ಕೆಂಪು ಜಂಬಿಟ್ಟಿಗೆ ಮಣ್ಣು, ಗುದ್ದಲಿ ಹಾಕಿದರೆ ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ. ಒಂದು ಕಡೆ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ಕಡೆ ಎದೆಮಟ್ಟದ ಗೋಡೆ. ಗೋಡೆಯ ಆಚೆ ಪಕ್ಕದ ಮನೆಯ ಹಿತ್ತಲು. ಗಾಳಿ ತಿರುಗಿದಾಗ ಮಿಲ್ಲಿನ ವಾಸನೆ, ತಿರುಗದಿದ್ದಾಗ ಕಾಳಿ ಹೊಳೆಯ ತಂಪು. ಇಷ್ಟೇ ನನ್ನ ಸಾಮ್ರಾಜ್ಯ.

ಈ ತರಕಾರಿ ಹುಚ್ಚು ನನಗೆ ಅಂಟಿದ್ದು ಕಾನ್ವೆಂಟಿನಿಂದಲೇ. ಶಾಲೆಯ ಹಿಂದೆ ಸಿಸ್ಟರ್‌ಗಳ ತೋಟವಿತ್ತು. ಗೆರೆ ಎಳೆದಂತೆ ಮಡಿಗಳು. ಪ್ರತಿ ಮಡಿಯ ತಲೆಯಲ್ಲೂ ಬಿಳಿ ಬಣ್ಣ ಹಚ್ಚಿದ ಹಲಗೆಯ ಮೇಲೆ ಗಿಡದ ಹೆಸರು. ನಾವು ಸಾಲಾಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಹೆಸರುಗಳನ್ನು ಓದುತ್ತ ಹೋಗಬೇಕು. ಮುಟ್ಟುವಂತಿಲ್ಲ. ಹೀಗಾಗಿ ತೋಟ ಎಂದರೆ ಮೊದಲು ಹಲಗೆ, ಆಮೇಲೆ ಗಿಡ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಾನೂ ಐಸ್‌ಕ್ರೀಮಿನ ಕಡ್ಡಿಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಮಡಿಗಳಲ್ಲಿ ನೆಟ್ಟೆ. ಟೊಮ್ಯಾಟೊ, ಮೂಲಂಗಿ, ಪುದೀನ, ಬಸಳೆ, ಡೊಣ್ಣಮೆಣಸಿನಕಾಯಿ. ಕಡ್ಡಿಗಳು ಇವತ್ತಿಗೂ ಗಟ್ಟಿಯಾಗಿವೆ. ಅವುಗಳ ಕೆಳಗೆ ಏನೂ ಉಳಿದಿಲ್ಲ.

"ಗೋರಿ ಮ್ಯಾಲ ಹೆಸರು ಬರದಂಗ ಕಾಣತೈತಿ," ಎಂದರು ನಮ್ಮ ಮನೆಯವರು.

ಟೊಮ್ಯಾಟೊ ಗಿಡ ಎಲೆಗಳಲ್ಲೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿತು. ಕೊನೆಗೂ ಬಿಟ್ಟ ಒಂದಿಷ್ಟು ಕಾಯಿ ಕೆಂಪಾಗುವ ಹೊತ್ತಿಗೆ ಒಂದು ಮಂಗ ಬಂದು ಗೋಡೆಯ ಮೇಲೆ ಕೂತಿತು. ನಾನು ಬಾಗಿಲಲ್ಲಿ ನಿಂತು ಎರಡು ಸಲ ಚಪ್ಪಾಳೆ ತಟ್ಟಿದೆ. ಅದು ಚಪ್ಪಾಳೆ ತನಗೇ ಎಂದುಕೊಂಡಿತೋ ಏನೋ, ಇನ್ನೊಂದು ಹಣ್ಣು ಕಿತ್ತುಕೊಂಡು ನನ್ನನ್ನೇ ನೋಡುತ್ತ ತಿಂದಿತು. ಒಳಗಿನಿಂದ ನಮ್ಮ ಮನೆಯವರ ದನಿ: "ಪ್ಲೀಸ್ ಅನ್ನ ಅದಕ್ಕ. ಹೋಗತೈತಿ."

ಮೂಲಂಗಿ ಮೇಲೆ ಭರ್ಜರಿ, ಕೆಳಗೆ ಇಲಿಬಾಲ. ಮೆಂತೆ ಮಾತ್ರ ಮರ್ಯಾದೆ ಉಳಿಸಿತು. ಇನ್ನು ಹೀರೆಯ ಕಥೆ ಕೇಳಿ. ಅದನ್ನು ನಾನು ಹಾಕಿದ್ದೇ ಅಲ್ಲ. ಮೈ ತಿಕ್ಕಿಕೊಳ್ಳಲೆಂದು ಒಣಗಿದ ಹೀರೆಕಾಯಿಯ ನಾರನ್ನು ಒಗೆಯುವ ಕಲ್ಲಿನ ಮೇಲೆ ಕೊಡವಿದ್ದೆ. ಅದರಿಂದ ಉದುರಿದ ಬೀಜ ಬಚ್ಚಲು ನೀರು ಹರಿಯುವ ಕಡೆ ಹುಟ್ಟಿ, ಯಾರ ಹಂಗೂ ಇಲ್ಲದೆ ಛಾವಣಿ ಹತ್ತಿ, ಅಲ್ಲಿಂದ ಕಾಯಿಗಳನ್ನು ಇಳಿಬಿಟ್ಟಿತು. ಅದಕ್ಕೆ ಹೆಸರಿನ ಕಡ್ಡಿ ಇರಲಿಲ್ಲ. ಇಡಲು ನನಗೂ ಧೈರ್ಯವಾಗಲಿಲ್ಲ.

ಈ ಸೋಲು ಗೆಲುವುಗಳನ್ನೆಲ್ಲ ಗೋಡೆಯ ಆಚೆಯಿಂದ ನೋಡುತ್ತಿದ್ದವರು ಆಪಾ. ಪಕ್ಕದ ಮನೆಯ ಗೌಸ್ ಭಾಯಿಯ ಹೆಂಡತಿ. ಹೆಸರು ಜುಬೇದಾ. ಕ್ವಾರ್ಟರ್ಸಿನ ನಮ್ಮ ಲೈನಿನವರಿಗೆಲ್ಲ ಆಪಾ, ಅಂದರೆ ಅಕ್ಕ; ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ಗೌಸ್ ಭಾಯಿ ಮಿಲ್ಲಿನಲ್ಲಿ ಮೆಕ್ಯಾನಿಕ್. ಆಪಾ ನನಗಿಂತ ದೊಡ್ಡವರು, ದನಿಯಂತೂ ಇನ್ನೂ ದೊಡ್ಡದು. ಅವರು ತಮ್ಮ ಅಡುಗೆಮನೆಯಲ್ಲಿ ಮಾತಾಡಿದರೆ ನನ್ನ ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿ ಗಂಡಸರು ಹೊರಬಿದ್ದ ಮೇಲೆ ಅವರು ಚಹಾದ ಕಪ್ಪನ್ನು ಗೋಡೆಯ ಮೇಲಿಡುತ್ತಿದ್ದರು. ನಾನು ನನ್ನ ಕಪ್ಪನ್ನು ಅದರ ಪಕ್ಕದಲ್ಲಿಡುತ್ತಿದ್ದೆ. ನಾನು ಮೆಲ್ಲಗೆ ಕುಡಿಯುವವಳು. ಅವರು ಗಟಗಟ ಮುಗಿಸಿ ನನ್ನ ತೋಟವನ್ನು ತಪಾಸಣೆ ಮಾಡುತ್ತಿದ್ದರು.

ಕಳೆದ ಬೇಸಿಗೆಯ ಕೊನೆಯಲ್ಲಿ ನಾನು ತಂದು ನೆಟ್ಟಿದ್ದ ಬಸಳೆಬಳ್ಳಿಯ ಕಡ್ಡಿ ಒಣಗಿದಾಗ ಅವರು ಕೇಳಿದರು, "ವೈನಿ, ಇದನ್ನ ಎಲ್ಲಿಂದ ತಂದಿದ್ರಿ?"

"ಮೂಲಿಮನಿ ಟೀಚರ್ ಕೊಟ್ರು."

"ಅವರ ಕೊಟ್ರೋ, ನೀವು ಕೇಳಿದ್ರೋ?"

"ಕೇಳಿದೆ. ಕೇಳದ ಹೆಂಗ ತರೂದು?"

"ಥ್ಯಾಂಕ್ಯೂನೂ ಅಂದಿರಬೇಕ?"

"ಅಂದೆ."

ಆಪಾ ಹಣೆಗೆ ಕೈ ಹಚ್ಚಿಕೊಂಡರು. "ಮುಗೀತ್ ಬಿಡ್ರಿ! ಮತ್ತ್ಯಾಕ ಬದುಕತೈತಿ ಅದು? ಪುದೀನಾನೂ ಹಿಂಗ ತಂದಿರಬೇಕು."

ಪುದೀನವನ್ನೂ ಹಾಗೆಯೇ ತಂದಿದ್ದೆ.

ಆಮೇಲೆ ಅವರು ನನಗೆ ತಿಳಿಸಿ ಹೇಳಿದರು. ಗಿಡ ಬಳ್ಳಿಗಳ ಕಡ್ಡಿಯನ್ನು ಯಾರೂ ಕೇಳಿ ತರುವುದಿಲ್ಲ, ಯಾರೂ ಕೈಯಾರೆ ಕೊಡುವುದೂ ಇಲ್ಲ. ಬೀಜ ಕೊಡಬಹುದು, ಕಾಯಿ ಕೊಡಬಹುದು. ಕಡ್ಡಿಯನ್ನು ಮಾತ್ರ ಕದಿಯಬೇಕು. "ಕೇಳಿ ತಂದದ್ದು ಪಾವ್ಣ್ಯಾರಿದ್ದಂಗ ರೀ ವೈನಿ. ನಾಕ ದಿನಾ ಇರ್ತೈತಿ, ಹೋಗತೈತಿ. ಕದ್ದು ತಂದದ್ದಕ್ಕ ಹೊಳ್ಳಿ ಹೋಗಾಕ ಮನಿ ಇರೂದಿಲ್ಲ. ಅದಕ್ಕ ಬೇರು ಬಿಡ್ತೈತಿ." ಅಷ್ಟಕ್ಕೇ ಮುಗಿಯುವುದಿಲ್ಲ. ಕದ್ದವಳು ಬೈಸಿಕೊಳ್ಳಲೂ ಬೇಕು. ಬಳ್ಳಿಯ ಒಡತಿ ಒಳಗಿನಿಂದಲೇ ಬಾಯಿ ಮಾಡಬೇಕು. ಆ ಬೈಗುಳ ಕಡ್ಡಿಯ ಕಿವಿಗೆ ಬೀಳಬೇಕು. "ಬೈಗಳಾ ಕೇಳಿದ್ರ ಅದಕ್ಕ ಸಿಟ್ಟು ಬರ್ತೈತಿ. ಸಿಟ್ಟಿಗೇರಿ ಬೆಳೀತೈತಿ."

ಇದು ನಮ್ಮ ಲೈನಿನಲ್ಲಿ ಎಲ್ಲರಿಗೂ ತಿಳಿದ ಮಾತಂತೆ. ನನ್ನೊಬ್ಬಳಿಗೇ ಗೊತ್ತಿರಲಿಲ್ಲ. ಕೆಲವೊಮ್ಮೆ ಮಧ್ಯಾಹ್ನದ ಹೊತ್ತು ಹಿತ್ತಲ ಕಡೆಯಿಂದ ಹೆಂಗಸರ ಬೈಗುಳ ಕೇಳಿದಾಗ, ಯಾವ ಮನೆಯಲ್ಲಿ ಏನು ಜಗಳವೋ ಎಂದು ಕಿಟಕಿ ಹಾಕಿಕೊಳ್ಳುತ್ತಿದ್ದೆ ನಾನು! ಆ ಜಗಳಗಳಲ್ಲಿ ಎಷ್ಟು ಕರಿಬೇವು, ಎಷ್ಟು ಮಲ್ಲಿಗೆ ಕೈ ಬದಲಾಯಿಸಿದ್ದವೋ.

ನನ್ನ ಕಷ್ಟ ನಿಮಗೆ ಅರ್ಥವಾಗಬೇಕಾದರೆ ಇನ್ನೊಂದು ಸಂಗತಿ ಹೇಳಬೇಕು. ಚಿಕ್ಕವಳಿದ್ದಾಗ ಒಮ್ಮೆ ಶಾಲೆಯ ಅಂಗಳದಲ್ಲಿ ನನಗೊಂದು ರಬ್ಬರು ಸಿಕ್ಕಿತ್ತು. ಅರ್ಧ ಸವೆದದ್ದು, ಮೇಲೆ ಯಾರದೋ ಹಲ್ಲಿನ ಗುರುತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದೇ ಕ್ಲಾಸಿನ ಬಾಗಿಲಿಗೆ ಹೋಗಿ "ಎಕ್ಸ್‌ಕ್ಯೂಸ್ ಮಿ" ಎಂದು ಕೇಳುತ್ತ ಊಟದ ಗಂಟೆ ಹೊಡೆಯುವವರೆಗೆ ತಿರುಗಿದ್ದೆ. ಯಾರೂ ತಮ್ಮದೆನ್ನಲಿಲ್ಲ. ಸಿಸ್ಟರ್ ನನ್ನ ತಲೆ ಸವರಿ, ದೇವದೂತನ ಚಿತ್ರವಿದ್ದ ಒಂದು ಪುಟ್ಟ ಕಾರ್ಡು ಕೊಟ್ಟರು. ಆ ಕಾರ್ಡಿನಿಂದ ನಾನು ಕೆಟ್ಟುಹೋದೆ ಎಂದು ಈಗ ಅನಿಸುತ್ತದೆ. ಅಂದಿನಿಂದ ಬೇರೆಯವರ ವಸ್ತುವಿನ ನೆರಳು ತುಳಿದರೂ ನನಗೆ ಎದೆ ಢವಢವ. ಜೊತೆಗೆ ದನಿಯ ಪಾಠ ಬೇರೆ. ಪಕ್ಕದಲ್ಲಿ ಕೂತವರಿಗೆ ಕೇಳಿಸಿದರೆ ಸಾಕು, ಅದರಾಚೆ ಹೋದದ್ದು ಗಲಾಟೆ ಎಂದು ಕಲಿಸಿದ್ದರು. ನಾನು ಇದುವರೆಗೆ ಯಾರನ್ನೂ ಬೈದವಳಲ್ಲ. ಗ್ಯಾಸಿನವನು ತಡಮಾಡಿ ಬಂದರೂ ನಾನೇ ಸಾರಿ ಕೇಳುತ್ತೇನೆ.

ಇಂಥವಳಿಗೆ ಆಪಾ ತಮ್ಮ ತೊಂಡೆಬಳ್ಳಿಯ ಕಡ್ಡಿ ಕದಿಯಲು ಅಪ್ಪಣೆ ಕೊಟ್ಟರು.

ಆ ಬಳ್ಳಿ ಆಪಾಳ ಜೀವ. ಅವರ ಹಿತ್ತಲಿನಲ್ಲಿ ಬಿದಿರ ಗಳಗಳ ಚಪ್ಪರ. ಬುಡಕ್ಕೆ, ಮಿಲ್ಲಿನ ಮಷೀನಿನಲ್ಲಿ ಸವೆದು ಹೊರಬಿದ್ದ ಹಳೇ ಫೆಲ್ಟಿನ ತುಂಡು ಹೊದಿಕೆ, ಕಂಬಳಿಯಂತೆ ದಪ್ಪಗೆ. ಗೊಬ್ಬರ ಹತ್ತಿರದ ಹಳ್ಳಿ ಕೋಗಿಲಬನದಿಂದ ಬರಬೇಕು, ಬೇರೆ ಕಡೆಯದು ನಡೆಯುವುದಿಲ್ಲ. ಚಪ್ಪರದ ತುಂಬ ಪುಟ್ಟ ಬಿಳಿ ಹೂ, ಬೆರಳುದ್ದದ ಗೆರೆಗೆರೆಯ ಕಾಯಿ. ಆ ತೊಂಡೆಕಾಯಿಯನ್ನು ಸೀಳಿ, ಶೇಂಗಾ ಮಸಾಲೆ ತುಂಬಿ ಅವರು ಕಳಿಸಿದ ದಿನ ನಮ್ಮ ಮನೆಯಲ್ಲಿ ಮಾತಿಲ್ಲ, ರೊಟ್ಟಿ ಮುರಿಯುವ ಸದ್ದಷ್ಟೇ.

ಆ ಬಳ್ಳಿ ಬಂದದ್ದು ಹಳಿಯಾಳದ ಅವರ ತವರಿನ ಹಿತ್ತಲಿನಿಂದ. ನಿಕಾ ಮುಗಿದು ಹೊರಡುವ ಹೊತ್ತಿನಲ್ಲಿ, ಜರಿಯ ದುಪ್ಪಟ್ಟಾ ಎತ್ತಿಕೊಂಡು ಹಿತ್ತಲಿಗೆ ಓಡಿ, ಒಂದು ಕಡ್ಡಿ ಮುರಿದು ಪೆಟ್ಟಿಗೆಗೆ ಸೇರಿಸಿದ್ದರಂತೆ ಆಪಾ. "ನಮ್ಮ ಅಮ್ಮಿ ಒಳಗ ಅಳಕೋಂತ ಕುಂತಾಕಿ, ಕಡ್ಡಿ ಮುರದ ಸಪ್ಪಳಾ ಕೇಳಿದ ಕೂಡ್ಲೆ ಅಳೂದು ಬಿಟ್ಟು ಏನ್ ಬೈದ್ಲು ಅಂತೀರಿ! ಅದು ನಮ್ಮ ಮಾತಿನ್ಯಾಗ ಬೈದದ್ದು, ಕನ್ನಡದಾಗ ಹೇಳಿದ್ರ ರುಚಿ ಹತ್ತೂದಿಲ್ಲ." ಹೇಳುವಾಗ ಆಪಾ ನಗುತ್ತಿದ್ದರು. ಆ ಅಮ್ಮಿ ಈಗಿಲ್ಲ. ಹಿತ್ತಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಉಳಿದಿರುವುದು ಈ ಬಳ್ಳಿ, ಮತ್ತು ಅದರೊಳಗೆ ಎಲ್ಲೋ ಇರುವ ಆ ಬೈಗುಳ.

ಮೊದಲ ಮಳೆ ಬಿದ್ದ ವಾರ ನಾನು ಕದಿಯಲು ಹೋದೆ. ಹಿತ್ತಲ ಬಾಗಿಲಿನಿಂದ ಹೋಗಬೇಕಿತ್ತು. ರೂಢಿಯಂತೆ ಮುಂಬಾಗಿಲಿಗೆ ಹೋಗಿ ಬೆಲ್ ಒತ್ತಿದೆ.

"ಏನ್ರಿ ವೈನಿ?"

"ಕದಿಯಾಕ ಬಂದೇನಿ, ಆಪಾ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಕಳ್ಳರು ಬೆಲ್ ಹೊಡೀತಾರೇನ್ರಿ? ಹೋಗ್ರಿ, ಹಿಂದಿಂದ ಬರ್ರಿ. ನಾ ನಿಮ್ಮನ್ನ ನೋಡೇ ಇಲ್ಲ!"

ಹಿಂದಿನಿಂದ ಹೋದೆ. ಆಪಾ ಒಳಗೆ ಪಾತ್ರೆಗಳನ್ನು ಬೇಕೆಂದೇ ಬಡಿಯತೊಡಗಿದರು, ತಾವು ನೋಡುತ್ತಿಲ್ಲ ಎಂದು ಬಳ್ಳಿಗೆ ತಿಳಿಯಲಿ ಎಂದು. ಹಸಿರು ಹಿಡಿಯ ಕತ್ತರಿ ತೆರೆದು, ಯಾವುದನ್ನು ಕತ್ತರಿಸಲಿ ಎಂದು ತಡವರಿಸಿದೆ. ಪೆನ್ಸಿಲ್ ದಪ್ಪದ ಒಂದು ಕಡ್ಡಿ ಕತ್ತರಿಸಿದ್ದೇ ತಡ, ಒಳಗಿನಿಂದ ಸಿಡಿಲು:

"ಯಾವಕಿ ಆಕಿ, ನನ್ನ ಬಳ್ಳಿಗೆ ಕೈ ಹಚ್ಚಿದಾಕಿ! ಆಕಿ ಒಗ್ಗರಣಿ ಹೊತ್ಲಿ! ಆಕಿ ರೊಟ್ಟಿ ಉಬ್ಬದಂಗ ಆಗ್ಲಿ! ಆಕಿ ಹಾಲು ಉಕ್ಕಿ ಒಲಿ ಆರ್ಲಿ!"

ಎಲ್ಲ ಗೊತ್ತಿದ್ದೂ ಗೇಟಿನ ಹತ್ತಿರ ನಿಂತುಬಿಟ್ಟೆ. ಬಾಯಿಂದ ತಾನಾಗಿಯೇ ಹೊರಬಿತ್ತು, "ಸಾರಿ, ಆಪಾ!"

ಪಾತ್ರೆಗಳು ಗಪ್ಪಾದವು. ಆಪಾ ಸೌಟು ಹಿಡಿದು ಹೊರಗೆ ಬಂದರು. "ಸಾರಿ ಅಂದ್ರ ಎಲ್ಲಾ ಕೆಟ್ಟಹೋತಲ್ರಿ! ಈಗ ನಾ ಮತ್ತ ಬೈಬೇಕು, ಮೊದಲಿಂದ. ಓಡ್ರಿ!"

ಓಡಿದೆ. ಅವತ್ತು ರಾತ್ರಿ ನನ್ನ ರೊಟ್ಟಿ ನಿಜಕ್ಕೂ ಉಬ್ಬಲಿಲ್ಲ. ಆದರೆ ಗೋಡೆಯ ಬುಡದಲ್ಲಿ ಹುಗಿದ ಕಡ್ಡಿ ವಾರ ಕಳೆಯುವುದರೊಳಗೆ ಕಣ್ಣು ಬಿಟ್ಟಿತು. ಅದಕ್ಕೆ ಹೆಸರಿನ ಕಡ್ಡಿ ನೆಡಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಶ್ರಾವಣದ ಮಳೆ ಆ ವರ್ಷ ಬಿಡಲೇ ಇಲ್ಲ. ಆಪಾಳ ಹಿತ್ತಲು ನಮ್ಮದಕ್ಕಿಂತ ಒಂದು ಗೇಣು ತಗ್ಗು. ನೀರು ನಿಂತಿತು. ಗೌಸ್ ಭಾಯಿ ಕಾಲುವೆ ತೋಡಿದರು, ಫೆಲ್ಟು ತೆಗೆದು ಬುಡಕ್ಕೆ ಬೂದಿ ಹಾಕಿದರು. ಎಲೆಗಳು ಮೊದಲು ಹಳದಿಯಾದವು, ಆಮೇಲೆ ಬಟ್ಟೆ ಒಣಹಾಕಿದಂತೆ ಜೋತುಬಿದ್ದವು. ಒಂದು ಬೆಳಿಗ್ಗೆ ಆಪಾ ಬುಡವನ್ನು ಮುಟ್ಟಿ ನೋಡಿದರೆ ಅದು ನೆನೆದ ಹಗ್ಗದ ಹಾಗೆ ಕೈಗೆ ಬಂತು.

ಅವತ್ತು ಅವರು ಗೋಡೆಯ ಮೇಲೆ ಚಹಾದ ಕಪ್ಪಿಟ್ಟರು. ಕುಡಿಯಲಿಲ್ಲ. ಅವರ ಕಣ್ಣು ನನ್ನ ಕಡೆಯ ಗೋಡೆಯ ಬುಡದಲ್ಲಿ, ಹೆಂಚಿನ ತುಂಡಿನ ಮರೆಯಲ್ಲಿದ್ದ ಎಳೆ ಬಳ್ಳಿಯ ಮೇಲೆ ನಿಂತಿತು. ಹಳಿಯಾಳದ ಹಿತ್ತಲಿನಿಂದ ಹೊರಟದ್ದರಲ್ಲಿ ಉಳಿದಿದ್ದು ಅದೊಂದೇ. ಅದೂ ಯಾರ ಕೈಯಲ್ಲಿ? ಪುದೀನವನ್ನೂ ಬದುಕಿಸಲಾರದವಳ ಕೈಯಲ್ಲಿ.

"ಹೆಂಗದಾಳ ಆಕಿ?" ಎಂದರು ಮೆಲ್ಲಗೆ. ಆಪಾಳ ದನಿ ಅಷ್ಟು ಮೆತ್ತಗೆ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

"ಅದಾಳ, ಆಪಾ."

ಅಲ್ಲಿಂದ ನನ್ನ ನಿದ್ದೆ ಹೋಯಿತು. ಆ ವರ್ಷದ ಮಿಕ್ಕೆಲ್ಲ ಬೆಳೆಯನ್ನೂ ದೇವರ ಪಾಲಿಗೆ ಬಿಟ್ಟು ನಾನು ತೊಂಡೆಬಳ್ಳಿಯ ಆಯಾ ಆದೆ. ಮಳೆ ಜೋರಾದರೆ ಹಳೇ ಛತ್ರಿ ಹಿಡಿಸಿದೆ. ನೀರು ನಿಲ್ಲದಂತೆ ಮಣ್ಣೇರಿಸಿದೆ. ಬಸವನಹುಳುಗಳನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ರಸ್ತೆಯಾಚೆ ಬಿಟ್ಟುಬಂದೆ. "ಅವಕ್ಕ ಬಸ್ ಚಾರ್ಜ್ ಕೊಟ್ಟಿ ಹೌದಿಲ್ಲೋ?" ಎಂದರು ನಮ್ಮ ಮನೆಯವರು. ಆಪಾ ದಿನಾ ಅದೊಂದೇ ಪ್ರಶ್ನೆ ಕೇಳುತ್ತಿದ್ದರು, ಹೆಂಗದಾಳ ಆಕಿ. ಗೋಡೆ ದಾಟಿ ಬಂದು ಕೈ ಹಚ್ಚಲಿಲ್ಲ. ಹೀಗೆ ಮಾಡಿ ಹಾಗೆ ಮಾಡಿ ಎಂದೂ ಹೇಳಲಿಲ್ಲ. ಕದ್ದ ಮೇಲೆ ಬಳ್ಳಿ ಕದ್ದವಳದು.

ದಸರೆಯ ಹೊತ್ತಿಗೆ ಬಳ್ಳಿ ಗೋಡೆಯ ತಲೆ ಮುಟ್ಟಿತು. ದೀಪಾವಳಿಗೆ ಹೂ. ಮೊದಲ ಹಿಡಿ ಕಾಯಿಯನ್ನು ನಾನು ಗೋಡೆಯ ಮೇಲೆ ಚಹಾದ ಕಪ್ಪಿನ ಪಕ್ಕದಲ್ಲಿಟ್ಟೆ. ಆಪಾ ಒಂದನ್ನು ಹಸಿಯಾಗಿಯೇ ಕಡಿದು, ಕಣ್ಣು ಮುಚ್ಚಿ ಜಗಿದು, "ಆಕೀನ," ಎಂದರು. ನನಗೆ ದೇವದೂತನ ಕಾರ್ಡು ಮತ್ತೊಮ್ಮೆ ಸಿಕ್ಕಷ್ಟು ಸಂತೋಷವಾಯಿತು.

ಆದರೆ ಗೌಸ್ ಭಾಯಿಯ ನಿವೃತ್ತಿ ಹತ್ತಿರ ಬಂದಿತ್ತು. ನಿವೃತ್ತಿಯಾದವರು ಕ್ವಾರ್ಟರ್ಸ್ ಬಿಡಬೇಕು, ಅದು ಎಲ್ಲರಿಗೂ ಇದ್ದದ್ದೇ. ಪಾಳಾದಲ್ಲಿ ಅವರ ಹಿರಿಯರ ಜಾಗದಲ್ಲಿ ಒಂದು ಸಣ್ಣ ಮನೆ ಎದ್ದಿತ್ತು. ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕುವ ಯೋಚನೆ ಅವರದು. ಆಪಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ, ಒಂದು ದಿನವೂ ಬಳ್ಳಿಯ ಮಾತೆತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ. ಅವರು ಕೇಳಿದರೆ ಅದು ಹತ್ತುವುದಿಲ್ಲ. ನಾನು ಕೊಟ್ಟರೂ ಹತ್ತುವುದಿಲ್ಲ. ಅವರ ಅಮ್ಮಿಯ ಬಳ್ಳಿ ಅವರ ಜೊತೆ ಹೋಗಬೇಕಾದರೆ ಇರುವುದು ಒಂದೇ ದಾರಿ. ಆಪಾ ಕದಿಯಬೇಕು, ನಾನು ಬೈಯಬೇಕು.

ಬೈಯುವುದು! ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. "ಯಾವಕಿ ಆಕಿ" ಎಂದರೆ ನನ್ನ ಬಾಯಲ್ಲಿ ಅದು ಯಾರನ್ನೋ ಊಟಕ್ಕೆ ಕರೆದಂತೆ ಕೇಳಿಸುತ್ತಿತ್ತು.

ಅವರು ಹೊರಡುವ ದಿನ ಬೆಳಿಗ್ಗೆಯೇ ಟೆಂಪೊ ಬಂತು. ಕಪಾಟು, ಗಾದಿ, ಹೊಲಿಗೆ ಮಷೀನು ಏರಿದವು. ನಾನು ಹಿತ್ತಲ ಗೇಟು ತೆರೆದಿಟ್ಟೆ. ಕತ್ತರಿಯನ್ನು ಗೋಡೆಯ ಮೇಲೆ, ದಿನಾ ಚಹಾದ ಕಪ್ಪಿಡುವ ಜಾಗದಲ್ಲಿಟ್ಟೆ. ಒಳಗೆ ಹೋಗಿ ಪಾತ್ರೆ ಬಡಿಯತೊಡಗಿದೆ. ಬಡಿದೆ, ಬಡಿದೆ. ಯಾರೂ ಬರಲಿಲ್ಲ. ಟೆಂಪೊ ಹಾರ್ನ್ ಹಾಕಿತು.

"ಕಳಸಾಕ ಬಾ, ಹೊಂಟಾರ!" ಎಂದು ನಮ್ಮ ಮನೆಯವರು ಹೊರಗಿನಿಂದ ಕರೆದರು.

ಹೋಗಲಿಲ್ಲ. ಹೋದರೆ ಕಳ್ಳತನ ತಪ್ಪುತ್ತದೆ. ಹಿತ್ತಲ ಕಿಟಕಿಗೆ ಬೆನ್ನು ಮಾಡಿ ನಿಂತು, ನನ್ನಿಂದಾಗುವಷ್ಟು ಗಟ್ಟಿಯಾಗಿ ಹೇಳಿದೆ, "ನಾ ಒಳಗ ಭಾಳ ಕೆಲಸದಾಗ ಇದ್ದೇನಿ. ಹಿತ್ತಲ ಕಡೆ ನೋಡೂದಿಲ್ಲ!"

ಗೇಟು ಕಿರ್ ಎಂದಿತು. ಬಳೆಗಳ ಸದ್ದು. ಆಮೇಲೆ ಕತ್ತರಿಯ ಸದ್ದು, ಕಟ್ ಎಂದು ಒಂದೇ ಸಲ, ನನ್ನ ಹಾಗೆ ತಡವರಿಸದೆ.

ನಾನು ಬಾಯಿ ತೆರೆದೆ. ಒಗ್ಗರಣೆ, ರೊಟ್ಟಿ, ಹಾಲು ಎಲ್ಲ ನೆನಪಿದ್ದವು. ಆದರೆ ಒಂದೂ ಮೇಲೆ ಬರಲಿಲ್ಲ. ಕೊನೆಗೆ ಬಂದದ್ದು ಇಷ್ಟೇ: "ಹುಷಾರು, ಆಪಾ... ಕತ್ತರಿ ಭಾಳ ಚೂಪೈತಿ."

ಹೊರಗಿನಿಂದ ಆಪಾಳ ದನಿ, ಗೋಡೆಗೆ ಮುಖ ಮಾಡಿದ ದನಿ: "ಬೈರಿ, ವೈನಿ."

ಆಗಲಿಲ್ಲ.

"ಒಂದ ಮಾತು ಬೈರಿ, ಸಾಕು."

ಮತ್ತೆ ಹಾರ್ನ್. ಗೇಟು ಮತ್ತೆ ಕಿರ್ ಎಂದಿತು. ನಾನು ಕಣ್ಣೊರೆಸಿಕೊಂಡು ಮುಂಬಾಗಿಲಿಗೆ ಓಡುವಷ್ಟರಲ್ಲಿ ಟೆಂಪೊ ತಿರುವಿನಲ್ಲಿತ್ತು. ಹಿತ್ತಲಿಗೆ ಬಂದು ನೋಡಿದರೆ ಗೋಡೆಯ ಮೇಲೆ ಕತ್ತರಿಯೂ ಇರಲಿಲ್ಲ. ಅವಸರದಲ್ಲಿ ಕೈಯಲ್ಲೇ ಹಿಡಿದುಕೊಂಡು ಹೋಗಿದ್ದರು.

ಪಾಳಾದಿಂದ ಬರುತ್ತಿದ್ದ ಫೋನುಗಳಲ್ಲಿ ಮೊದಲು ಹೊಸ ಮನೆಯ ಸುದ್ದಿ, ನೀರಿನ ಸುದ್ದಿ. ಕೊನೆಯಲ್ಲಿ ನಾನು ಕೇಳುತ್ತಿದ್ದೆ, "ಹೆಂಗದಾಳ ಆಕಿ?" ಈಗ ಪ್ರಶ್ನೆ ನನ್ನದಾಗಿತ್ತು. ಎಲೆ ಉದುರಿತು ಎಂದರು ಒಮ್ಮೆ. ಇನ್ನೊಮ್ಮೆ, ಕಡ್ಡಿ ಕಟ್ಟಿಗೆಯ ಹಾಗೆ ನಿಂತಿದೆ ಎಂದರು. ಚಳಿ ಜೋರಾಗಿದೆಯಲ್ಲ, ಅದಕ್ಕೇ ಎಂದೆ ನಾನು. ಆ ಕಡೆಯಿಂದ ಆಪಾ ಉಸಿರು ಬಿಟ್ಟರು.

"ಚಳಿ ಅಲ್ರಿ. ನೀವು ಬೈಲಿಲ್ಲ. ಆಕಿಗೆ ತಾ ಎಲ್ಲಿಗೆ ಬಂದೇನಿ ಅನ್ನೂದ ತಿಳಿವಲ್ದು. ನೀವ ಕೊಟ್ಟು ಕಳಿಸೀರಿ ಅಂತ ತಿಳಕೊಂಡು ಪಾವ್ಣ್ಯಾರಂಗ ಕುಂತಾಳ."

"ಈಗೇನು ಮಾಡೂಣು, ಆಪಾ?"

"ತಡೀರಿ. ಹಿತ್ತಲಕ ಬಂದೇನಿ. ಫೋನ್ ಆಕಿ ಮಾರಿ ಮುಂದ ಹಿಡೀತೇನಿ. ಬೈರಿ."

ನಮ್ಮ ಮನೆಯವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ನಾನು ಫೋನು ಹಿಡಿದು ಹಿತ್ತಲಿಗೆ ಬಂದೆ. ಗೋಡೆಯ ಆಚೆ ಖಾಲಿ ಹಿತ್ತಲು, ಬರಿಯ ಗಳಗಳು. ಗೋಡೆಯ ಮೇಲೆ ನನ್ನ ಒಂದೇ ಕಪ್ಪು. ಅದರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಆ ಕಪ್ಪನ್ನು ನೋಡಿದೆ ನೋಡಿ, ಎಲ್ಲಿತ್ತೋ ಏನೋ, ಬಂತು.

"ಯಾವಕಿ ನೀ! ನನ್ನ ಬಳ್ಳಿ ಮುರಕೊಂಡು ಹೋದಾಕಿ! ನಾ ಛತ್ರಿ ಹಿಡದು ಬೆಳಸಿದ ಬಳ್ಳಿ, ಒಂದ ಸಲಕ್ಕ ಕತ್ತರಿಸಿ ಒಯ್ದೀ! ನನ್ನ ಕತ್ತರೀನೂ ಹೊತ್ಗೊಂಡು ಹೋದಿ! ನಾ ದಿನಾ ಹಲ್ಲಲೆ ಹಾಲಿನ ಪಾಕೀಟ ಹರೀಬೇಕು! ಹೋಗಂತ ಯಾರ ಹೇಳಿದ್ರು ನಿನಗ? ಹಾಂ? ಮುಂಜಾನೆದ್ದು ಗ್ವಾಡಿ ಮ್ಯಾಲ ಕಪ್ ಇಡಾಕ ಯಾರದಾರ ಇಲ್ಲೆ? ಯಾರ ಸಂಗಾಟ ಮಾತಾಡ್ಲಿ ನಾ? ಮಂಗ್ಯಾನ ಸಂಗಾಟೇನು? ನಿನ್ನ ಒಗ್ಗರಣಿ ಹೊತ್ಲಿ! ನಿನ್ನ ರೊಟ್ಟಿ... ನಿನ್ನ ರೊಟ್ಟಿ ಒಂದೂ ಉಬ್ಬದಂಗ ಆಗ್ಲಿ!"

ಮೂಲೆಮನೆಯ ಟೀಚರ್ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ನಮ್ಮ ಮನೆಯವರು ಪೇಪರ್ ಹಿಡಿದುಕೊಂಡೇ ಓಡಿಬಂದಿದ್ದರು. ನನ್ನ ಬಾಯಲ್ಲಿ ಆಪಾಳಿಗೆ 'ನೀ' ಎಂಬ ಮಾತು ಬಂದದ್ದು ಅದೇ ಮೊದಲು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಆಪಾ? ಆಪಾ, ಸಾ..."

"ಸಾರಿ ಅನಬ್ಯಾಡ್ರಿ!" ಎಂದು ಆಪಾ ಕೂಗಿದರು. ಮೂಗಿನಲ್ಲಿ ನೀರು ತುಂಬಿದ ದನಿ. "ಸಾರಿ ಅನಬ್ಯಾಡ್ರಿ ವೈನಿ, ಭಾಳ ಛಲೋ ಬೈದೀರಿ. ನಮ್ಮ ಅಮ್ಮಿನೂ ಹಿಂಗ ಬೈದಿದ್ಲು. ಹೋಗಂತ ಯಾರ ಹೇಳಿದ್ರು ನಿನಗ, ಅಂತ."

ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಪಾಳಾದ ಹಿತ್ತಲಿನಲ್ಲಿ ಯಾವುದೋ ಹಕ್ಕಿ ಕೂಗುವುದು ಕೇಳಿಸುತ್ತಿತ್ತು.

ಮೊನ್ನೆ ಒಂದು ಫೋಟೊ ಬಂತು. ಗೌಸ್ ಭಾಯಿ ತೆಗೆದದ್ದು, ಅವರ ಹೆಬ್ಬೆರಳೂ ಒಂದಿಷ್ಟು ಬಿದ್ದಿದೆ. ಕಟ್ಟಿಗೆಯಂಥ ಕಡ್ಡಿಯ ಪಕ್ಕದಿಂದ ಒಂದು ಹಸಿರು ಕುಡಿ ಹೊರಬಿದ್ದಿದೆ. ಕಡ್ಡಿಯ ಬುಡದಲ್ಲಿ, ಕಬ್ಬಿಣವಿದ್ದರೆ ದೃಷ್ಟಿ ತಾಗುವುದಿಲ್ಲ ಎಂದು, ಆಪಾ ನನ್ನ ಕತ್ತರಿಯನ್ನು ಮೊನೆ ಕೆಳಗಾಗಿ ಮಣ್ಣಿಗೆ ಚುಚ್ಚಿದ್ದಾರೆ. ಕುಡಿಯಿಂದ ಗಡಿಯಾರದ ಸ್ಪ್ರಿಂಗಿನಷ್ಟು ತೆಳ್ಳಗಿನ ಒಂದು ಬಳುಕು ತಂತು ಹೊರಟು, ಆ ಹಸಿರು ಹಿಡಿಯ ಬೆರಳು ತೂರಿಸುವ ಕಣ್ಣಿಗೆ ಸುತ್ತು ಹಾಕಿ ಹಿಡಿದುಕೊಂಡಿದೆ.

ಫೋಟೊದ ಹಿಂದೆಯೇ ಆಪಾಳ ದನಿಯ ಮೆಸೇಜು: "ಕತ್ತರಿ ಕಳಸೂಣು ಅಂತ ಕೀಳಾಕ ಹೋದ್ನಿರಿ ವೈನಿ. ಆಕಿ ಕೈ ಹಿಡದಾಳ. ಹೆಂಗ ಬಿಡಿಸ್ಲಿ ಹೇಳ್ರಿ?"

"ಚಳಿ ಕಡಿಮಿ ಆತು. ಅದಕ್ಕ ಚಿಗತೈತಿ," ಎಂದರು ನಮ್ಮ ಮನೆಯವರು ಫೋಟೊ ನೋಡಿ. ಇರಬಹುದು. ನಾನು ವಾದ ಮಾಡಲಿಲ್ಲ.

ಇವತ್ತು ಅವರು ಚೀಲ ಹಿಡಿದು ಸಂತೆಗೆ ಹೊರಟವರು ಮತ್ತೆ ಕೇಳಿದರು, "ಕತ್ತರಿ ತರ್ಲೇನ?"

"ಬ್ಯಾಡ್ರಿ," ಎಂದೆ.

ಅವರಿಗೆ ಕಾರಣ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ದಿನಾ ಬೆಳಿಗ್ಗೆ ಪ್ಯಾಕೆಟ್ಟಿನ ಮೂಲೆ ಹಲ್ಲಿಗೆ ಸಿಕ್ಕಿಸಿ ಜಗ್ಗಿ, ತಣ್ಣಗಿನ ಹಾಲು ಗದ್ದಕ್ಕೆ ಚಿಮ್ಮಿದಾಗ, ನನ್ನ ಬಾಯಿಂದ ಆಪಾಳಿಗೆ ತಾನಾಗಿಯೇ ಒಂದು ಬೈಗುಳ ಹೊರಡುತ್ತದೆ. ಹೊಸ ಕತ್ತರಿ ತಂದುಬಿಟ್ಟರೆ ಆ ಬಳ್ಳಿಗಾಗಿ ದಿನಾ ಬೈಯುವವರು ಯಾರು?